ಆಯಿಯ ಹೆಬ್ಬೆಟ್ಟು

ನಮ್ಮ ಕೊಣ್ಣೂರಿನಲ್ಲಿ ಮೈ ನೋಯದವರನ್ನು ಹುಡುಕಲು ಹೊರಟರೆ ಸಿಗುವುದು ಹೊಟ್ಟೆಯೊಳಗಿನ ಕೂಸು ಒಂದೇ. ಎರೆಮಣ್ಣಿನ ಸೀಮೆ ಇದು. ಮಳೆ ಬಂದರೆ ಕಾಲು ಹುಗಿಯುತ್ತದೆ, ಮಳೆ ಹೋದರೆ ಬಿರುಕಿನಲ್ಲಿ ಕಾಲು ಸಿಗುತ್ತದೆ. ಹತ್ತಿ ಬಿಡಿಸುವವರಿಗೆ ನಡ, ಕಡಲೆ ಕೀಳುವವರಿಗೆ ಬೆರಳು, ಉಳ್ಳಾಗಡ್ಡಿ ಚೀಲ ಹೊರುವವರಿಗೆ ಹೆಗಲು, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಬದಿಗೆ ಪೇರಲ ಬುಟ್ಟಿ ಇಟ್ಟುಕೊಂಡು ಕೂತವರಿಗೆ ಮೊಣಕಾಲು, ನನ್ನಂಥ ಶಾಲೆಯ ಅಕ್ಕೋರಿಗೆ ಕುತ್ತಿಗೆ. ನೋವನ್ನು ಹೀಗೆ ಕಸುಬಿನ ಪ್ರಕಾರ ಹಂಚಿದ ದೇವರು, ಅದನ್ನು ಒತ್ತಿ ಕಳೆಯುವವರನ್ನೂ ಖಾತೆ ಮಾಡಿಯೇ ಹಂಚಿದ್ದಾನೆ. ಗಂಡಸರ ತಲೆ ಕ್ಷೌರದಂಗಡಿಗೆ, ಪೈಲ್ವಾನರ ತೊಡೆ ಗರಡಿಮನೆಗೆ, ಉಳುಕಿದ ಕಾಲು ಎಲುಬು ಕೂಡಿಸುವವರಿಗೆ, ಬಾಣಂತಿ ಮತ್ತು ಕೂಸು ಎರೆಯೋ ಆಯಿಗೆ.

ಒತ್ತಿಸಿಕೊಂಡವರ ನೋವಿನ ಕಥೆ ಊರಿಗೆಲ್ಲ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಕೇಳದಿದ್ದರೂ ಹೇಳುತ್ತಾರೆ. ಒತ್ತಿದವರ ಕೈ ಏನಾಯಿತು ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಆ ಪ್ರಶ್ನೆ ನಮ್ಮೂರಿಗೆ ಬಂದಿದ್ದು ಒಂದು ಪಂಚಮಿ ಹಬ್ಬಕ್ಕೆ, ಹುಬ್ಬಳ್ಳಿಯ ಬಸ್ಸಿನಲ್ಲಿ, ಆಯಿಯ ಮೊಮ್ಮಗಳ ಬ್ಯಾಗಿನೊಳಗಿದ್ದ ಒಂದು ತರಬೇತಿ ಪುಸ್ತಕದ ರೂಪದಲ್ಲಿ.

ಮೊದಲು ಆಯಿಯ ಪರಿಚಯ ಆಗಬೇಕು. ನನ್ನನ್ನು ಹುಟ್ಟಿದಾಗ ಎರೆದವಳು ಆಕೆ. ನಾನು ಹಡೆದು ತವರಿಗೆ ಬಂದಾಗ ನನ್ನನ್ನೂ ನನ್ನ ಕೂಸನ್ನೂ ಎರೆದವಳೂ ಆಕೆಯೇ. ನಮ್ಮ ಓಣಿಯಲ್ಲಿ ಆಕೆಯ ಕಾಲ ಮೇಲೆ ಮಲಗದೆ ದೊಡ್ಡವರಾದವರು ಸೊಸೆಯಂದಿರು ಮಾತ್ರ, ಅವರು ಬೇರೆ ಊರಿನಲ್ಲಿ ಹುಟ್ಟಿದವರು ಎನ್ನುವ ಕಾರಣಕ್ಕೆ. ಆಕೆಯ ಕೆಲಸದ ಜಾಗ ಎಂದರೆ ಯಾರದೋ ಮನೆಯ ಬಚ್ಚಲು. ಕೆಳಗೆ ಹಾಸುಗಲ್ಲು, ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ, ಒಲೆಯೊಳಗೆ ಹತ್ತಿಕಟ್ಟಿಗೆ. ಬಾಗಿಲು ಮುಚ್ಚಿದರೆ ಹೊಗೆ, ತೆಗೆದರೆ ಗಾಳಿ. ಬಾಣಂತಿಗೆ ಗಾಳಿ ತಾಗಬಾರದು, ಹೀಗಾಗಿ ಹೊಗೆಯೇ ಕಾಯಂ. ಕಲ್ಲಿನ ಮೇಲೆ ಔಡಲೆಣ್ಣೆ, ಎಣ್ಣೆಯ ಮೇಲೆ ಕಡಲೆಹಿಟ್ಟು, ಹಿಟ್ಟಿನ ಮೇಲೆ ನೀರು. ಅದರ ಮೇಲೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚಿ ಸಿಗಿಸಿಕೊಂಡ ಆಯಿ, ಕೈಯಲ್ಲಿ ಹಬೆಯಾಡುವ ನೀರಿನ ತಂಬಿಗೆ. ಬರಿಗಾಲು.

ಆಕೆ ಬಾಣಂತಿಯ ಬೆನ್ನಿಗೆ ಕೈ ಹಾಕಿದರೆ ಎರಡೂ ಹೆಬ್ಬೆಟ್ಟು ಬೆನ್ನೆಲುಬಿನ ಅಕ್ಕಪಕ್ಕ ಇಳಿದು ನಡಕ್ಕೆ ಬಂದು ನಿಲ್ಲುತ್ತಿದ್ದವು. ಅಲ್ಲಿ ಆಕೆ ತನ್ನ ಇಡೀ ಮೈಭಾರ ಹಾಕುತ್ತಿದ್ದಳು. "ಯವ್ವಾ ಸತ್ತೆ" ಎಂದು ನಾವು ಕೂಗಿದರೆ, "ಸಾಯೂದೆಲ್ಲಾ ಹಡಿಯೂ ಮುಂದ ಮುಗದೈತಿ, ಈಗ ಸುಮ್ನಿರು" ಎನ್ನುತ್ತಿದ್ದಳು. ಬಳಿಕ ಕೂಸಿನ ಸರದಿ. ಕಾಲು ಚಾಚಿ, ಕೂಸನ್ನು ಮೊಣಕಾಲಿನ ಕೆಳಗೆ ಮಲಗಿಸಿಕೊಂಡು, ರೊಟ್ಟಿ ಹಿಟ್ಟು ನಾದಿದಂತೆ ನಾದಿ, ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ಮುಟ್ಟಿಸಿ, ಕೊನೆಗೆ ಎರಡು ಬೆರಳಲ್ಲಿ ಮೂಗು ಹಿಡಿದು ಎಳೆಯುತ್ತಿದ್ದಳು. ಹಾಗೆ ಎಳೆದರೆ ಮೂಗು ಗಿಣಿಮೂಗು ಆಗುತ್ತದಂತೆ. ನನ್ನ ಮೂಗು ನೋಡಿದವರು ಆ ದಿನ ಆಯಿ ಗಡಿಬಿಡಿಯಲ್ಲಿದ್ದಳು ಎಂದೇ ತಿಳಿಯಬೇಕು. ಈಗ ಆಶಾ ಕಾರ್ಯಕರ್ತೆ ಮನೆಗೆ ಬಂದು ಮೂಗು ಎಳೆಯಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ, ಲೋಬಾನದ ಹೊಗೆ ಹಾಕಬೇಡಿ ಎಂದು ಹೇಳಿ ಹೋಗುತ್ತಾಳೆ. ಆಯಿ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಆಕೆಯ ತಲೆ ಮೊದಲಿಂದಲೂ ಸ್ವಲ್ಪ ಆಡುತ್ತಲೇ ಇರುತ್ತದೆ, ಒಪ್ಪಿದಳೋ ಇಲ್ಲವೋ ತಿಳಿಯುವುದಿಲ್ಲ.

ಸಂಬಳದ ವಿಷಯಕ್ಕೆ ಬಂದರೆ, ಐದನೆಯ ದಿನ ಒಮ್ಮೆ, ಹೆಸರಿಡುವ ದಿನ ಒಮ್ಮೆ, ಎರೆಯುವುದು ಮುಗಿದ ದಿನ ಒಮ್ಮೆ ಉಡಿ ತುಂಬುತ್ತಿದ್ದರು. ಸೇರುಗಟ್ಟಲೆ ಜೋಳ, ಕುಬಸದ ಕಣ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ. "ಎಷ್ಟ ಕೊಡಬೇಕ ಆಯಿ?" ಎಂದು ಕೇಳಿದ ಮನೆಯೇ ಇಲ್ಲ ಎಂದಲ್ಲ. ಕೇಳಿದರೆ, "ಕೂಸಿನ ಮುಂದ ರೊಕ್ಕದ ಮಾತ ಆಡಬಾರದವ್ವ" ಎಂದು ಸೆರಗು ಒಡ್ಡುತ್ತಿದ್ದಳು. ಊರಿಗೆ ಈ ಮಾತು ಬಹಳ ಹಿಡಿಸಿತ್ತು. ಇಂಥ ತತ್ವ ಇರುವವರನ್ನು ಯಾವ ಊರು ಬಿಟ್ಟೀತು?

ಹೀಗೆ ದುಡಿದ ಆಯಿಯ ಬಲಗೈ ಹೆಬ್ಬೆಟ್ಟು ಬುಡದಲ್ಲಿ ಉಬ್ಬಿ ಹೊರಕ್ಕೆ ವಾಲಿದೆ. ತಂಬಿಗೆಯನ್ನು ಈಗ ಎರಡೂ ಅಂಗೈ ನಡುವೆ ಹಿಡಿದು ಎತ್ತುತ್ತಾಳೆ, ಬೆರಳಿನಿಂದಲ್ಲ. ಅದಕ್ಕಿಂತ ದೊಡ್ಡ ತೊಂದರೆ ರೇಷನ್ ಅಂಗಡಿಯಲ್ಲಿ. ಅಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಬಂದ ಮೇಲೆ ಆಯಿಯನ್ನು ಆಯಿ ಎಂದು ಅದು ಒಪ್ಪುತ್ತಿಲ್ಲ. ಎಣ್ಣೆ, ಬಿಸಿನೀರು, ಕಡಲೆಹಿಟ್ಟು ಸೇರಿ ಬೆರಳಿನ ಗೆರೆಗಳನ್ನೆಲ್ಲ ಸವೆಸಿಬಿಟ್ಟಿವೆ. ಒಮ್ಮೆ ಅಂಗಡಿಯವನು "ಆಯಿ, ಕೈ ತೊಳಕೊಂಡ ಬಾ" ಎಂದನಂತೆ. "ಜೀವಮಾನ ಎಲ್ಲಾ ತೊಳದೇನಿ, ಅದಕ್ಕ ಹಿಂಗಾಗೈತಿ" ಎಂದು ಬಂದಳು. ಊರಿನ ಅರ್ಧ ಜನರ ಬೆನ್ನ ಮೇಲೆ ಒತ್ತಿದ ಹೆಬ್ಬೆಟ್ಟು ಸರ್ಕಾರದ ಗಾಜಿನ ಮೇಲೆ ಮಾತ್ರ ಮೂಡುತ್ತಿಲ್ಲ.

ಆಯಿಯ ಮೊಮ್ಮಗಳು ನನ್ನ ಶಾಲೆಯಲ್ಲೇ ಓದಿದವಳು. ಲೆಕ್ಕದಲ್ಲಿ ಹಿಂದೆ, ಖೋಖೋದಲ್ಲಿ ಮುಂದೆ. 2015ರಲ್ಲಿ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾದ ಮೇಲೆ ಊರೂರಿಗೆ ಹೊಲಿಗೆ, ಕಂಪ್ಯೂಟರ್, ಬ್ಯೂಟಿಷಿಯನ್ ಎಂದು ತರಬೇತಿಗಳು ಬಂದವಲ್ಲ, ಅಂಥದ್ದೇ ಒಂದು ಪಟ್ಟಿಯಲ್ಲಿ ಆಕೆ ಪಂಚಕರ್ಮ ಟೆಕ್ನಿಷಿಯನ್ ಎನ್ನುವುದನ್ನು ಕಂಡು ಸೇರಿದಳು. ಅಭ್ಯಂಗ, ಶಿರೋಧಾರಾ, ಸ್ವೇದನ ಎಂದು ಕಲಿತು ಈಗ ಕಡಲ ಕಡೆಯ ಒಂದು ರೆಸಾರ್ಟಿನಲ್ಲಿ ಥೆರಪಿಸ್ಟ್ ಆಗಿದ್ದಾಳೆ. ಅಜ್ಜ, ಅಂದರೆ ಆಯಿಯ ಯಜಮಾನ, ಯಾರಾದರೂ ಕೇಳಿದರೆ "ದವಾಖಾನ್ಯಾಗ ಅದಾಳ" ಎಂದಷ್ಟೇ ಹೇಳುತ್ತಾನೆ. ಮಸಾಜು ಎಂದರೆ ಕಟ್ಟೆಯ ಮೇಲಿನವರು ತುಟಿಯ ಒಂದು ಮೂಲೆಯಿಂದ ನಗುತ್ತಾರೆ ಎನ್ನುವುದು ಅವನಿಗೆ ಗೊತ್ತು. ಅಜ್ಜಿ ಮಾಡಿದರೆ ಪುಣ್ಯದ ಕೆಲಸ, ಅರಿಶಿನ ಕುಂಕುಮ. ಮೊಮ್ಮಗಳು ಅದೇ ಎಣ್ಣೆಯಲ್ಲಿ ಅದೇ ಬೆನ್ನು ತಿಕ್ಕಿದರೆ ಮೂಲೆನಗು. ನಡುವೆ ಬದಲಾದದ್ದು ಪಗಾರ ಬರುತ್ತದೆ ಎನ್ನುವುದೊಂದೇ.

ಆ ಪಂಚಮಿಗೆ ಬಂದಾಗ ಆಕೆಗೆ ರಜೆಯ ಜೊತೆ ಒಂದು ಪರೀಕ್ಷೆಯೂ ಇತ್ತು. ಕೆಲಸಗಾರರ ಸುರಕ್ಷತಾ ತರಬೇತಿ. ಹಿಂತಿರುಗಿದ ಕೂಡಲೇ ಬರೆದು, ಮಾಡಿಯೂ ತೋರಿಸಬೇಕು. "ಅಕ್ಕೋರ, ನೀವ ಗಿರಾಕಿ ಆಗ್ರಿ, ನಾ ಪ್ರಾಕ್ಟೀಸ್ ಮಾಡತೀನಿ" ಎಂದಳು. ಮಾಸ್ತರಿಕೆ ಮಾಡಿದವರಿಗೆ ಹಳೆಯ ವಿದ್ಯಾರ್ಥಿಗಳಿಂದ ಇಂಥ ಆಹ್ವಾನ ದಿನಾ ಬರುವುದಿಲ್ಲ. ಉಂಡಿ ತಿಂದು ಹೊಟ್ಟೆ ಭಾರವಾಗಿತ್ತು, ಕುತ್ತಿಗೆಯೂ ನೋಯುತ್ತಿತ್ತು. ಹೂಂ ಎಂದೆ.

ಹೊರಸಿನ ಮೇಲೆ ಮಲಗಬೇಕು ಎನ್ನುವಷ್ಟರಲ್ಲಿ ತಡೆದಳು. ಮೊದಲು ಪ್ರಶ್ನೆಗಳಂತೆ. ಬಿ.ಪಿ. ಐತೇನ್ರಿ, ಸಕ್ರಿ ಐತೇನ್ರಿ, ಆಪರೇಷನ್ ಆಗೈತೇನ್ರಿ, ಜ್ವರ ಅದಾವೇನ್ರಿ, ಮೈಮ್ಯಾಲ ಗಾಯ, ಹುಣ್ಣು? ಕೊನೆಗೆ, "ಒಂದ ಕಾಲಿನ ಮೀನಖಂಡ ಬಾತು ಬಿಸಿ ಆಗಿ ಕೆಂಪಗಾಗೈತೇನ್ರಿ?" ಸಂತೆಯಲ್ಲಿ ಎತ್ತು ಕೊಳ್ಳುವವರೂ ಇಷ್ಟು ಕೇಳುವುದಿಲ್ಲ ಎಂದೆ. ಆಕೆ ನಗಲಿಲ್ಲ. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದರೆ, ತಿಕ್ಕಿದಾಗ ಅದು ಕಿತ್ತು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು, ಮನುಷ್ಯ ಅಲ್ಲೇ ಹೋಗಬಹುದು ಎಂದು ವಿವರಿಸಿದಳು. ಅಂಥವರನ್ನು ಮುಟ್ಟದೆ ಡಾಕ್ಟರ ಹತ್ತಿರ ಕಳಿಸಬೇಕು. ಲೆಕ್ಕದಲ್ಲಿ ಹಿಂದೆ ಇದ್ದ ಹುಡುಗಿ ನನ್ನ ಮೀನಖಂಡವನ್ನು ಬೆರಳ ತುದಿಯಿಂದ ಪರೀಕ್ಷಿಸುವಾಗ ನಾನು ಉಸಿರು ಬಿಗಿಹಿಡಿದು ಪಾಸಾದೆ.

ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ "ಇದೇನ ಹೊಸಾದು?" ಎಂದಳು. ನಿಜ, ಹೊಸದಲ್ಲ. ಜ್ವರ ಬಂದ ಬಾಣಂತಿಗೆ ಆಕೆ ಎಂದೂ ಎಣ್ಣೆ ಮುಟ್ಟಿಸಿದವಳಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟು ಮಲಪ್ರಭೆ ಊರೊಳಗೆ ಹೊಕ್ಕಾಗ, ನಾವೆಲ್ಲ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದೆವು. ಅಲ್ಲೊಬ್ಬಳು ಹಸಿ ಬಾಣಂತಿ. ಆಕೆಯ ಅತ್ತೆ ಎಲ್ಲಿಂದಲೋ ಒಂದು ಪಾತೆಲೆ ನೀರು ಕಾಯಿಸಿ ತಂದು, ಕೂಸಿಗೆ ಎರೆ ಎಂದು ಆಯಿಯನ್ನು ಕರೆದರು. ಆಯಿ ತನ್ನ ಅಂಗೈ ತೋರಿಸಿದಳು. ಮನೆಯ ಸಾಮಾನು ಎತ್ತುವಾಗ ತಗಡು ತಾಗಿ ಸೀಳಿತ್ತು. "ಕೈಯಾಗ ಗಾಯ ಐತಿ, ಹೊಳಿನೀರ ಹತ್ತೈತಿ. ಕೂಸ ಮುಟ್ಟಂಗಿಲ್ಲ" ಎಂದು ಗೋಡೆಗೆ ಒರಗಿ ಕೂತು, ಬಾಣಂತಿಯ ತಾಯಿಗೆ ಬಾಯಿಯಲ್ಲೇ ಹೇಳಿ ಎರೆಸಿದಳು. ಆಕೆಯ ಹಂಡೆ ಆ ನೆರೆಯಲ್ಲಿ ಹೋದದ್ದು ಮತ್ತೆ ಸಿಗಲಿಲ್ಲ. ಬಾಯಿಪಾಠ ಮಾತ್ರ ಉಳಿದಿದೆ.

ಹಾಗೆ ನೋಡಿದರೆ ಎರೆಸಿಕೊಳ್ಳುವವರ ಸುರಕ್ಷತೆ ಆಯಿಗೂ ಗೊತ್ತಿತ್ತು. ಮೊಮ್ಮಗಳ ಪುಸ್ತಕದ ಎರಡನೆಯ ಭಾಗ ಮಾತ್ರ ಆಕೆ ಎಂದೂ ಕೇಳದ ವಿಷಯ: ಎರೆಯುವವರ ಸುರಕ್ಷತೆ.

ಮೊದಲ ತಕರಾರು ನಮ್ಮ ಹೊರಸಿನ ಮೇಲೆಯೇ ಬಂತು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಡಚಿದ ಬೆರಳಿನ ಗೆಣ್ಣು ಮಂಚಕ್ಕೆ ತಾಗಬೇಕಂತೆ, ಅದು ಸರಿಯಾದ ಎತ್ತರ. ನಮ್ಮ ಹೊರಸು ಆಕೆಯ ಮೊಣಕಾಲಿಗೆ ಬರುತ್ತಿತ್ತು. "ಇದರ ಮ್ಯಾಲ ದಿನಾ ಮಾಡಿದ್ರ ಮೂವತ್ತಕ್ಕ ನಡಾ ಹೊಕ್ಕೈತ್ರಿ" ಎಂದು ಹಿತ್ತಲಿನಿಂದ ಇಟ್ಟಂಗಿ ತಂದು ನಾಲ್ಕೂ ಕಾಲಿಗೆ ಪೇರಿಸಿದಳು. ನಾನು ಸ್ಟೂಲು ಹತ್ತಿ ಹೊರಸು ಏರಿದೆ. ಅಲ್ಲಿಂದ ನೋಡಿದರೆ ಮಾಡದಲ್ಲಿದ್ದ ದೇವರು ನನಗಿಂತ ಕೆಳಗಿದ್ದ. ಗಿರಾಕಿ ಬಿದ್ದರೆ ಏನು ಮಾಡಬೇಕು ಎನ್ನುವ ಪಾಠ ಯಾವ ಪುಟದಲ್ಲಿದೆ ಎಂದು ಕೇಳಿದೆ. ಅಲ್ಲಾಡಬೇಡಿ ಎನ್ನುವುದೇ ಪಾಠ ಎಂದಳು.

ಎರಡನೆಯದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಬುಡದ ಕೀಲು ಸಣ್ಣದು, ಇಡೀ ಮೈಭಾರ ತಾಳಲಿಕ್ಕೆ ಮಾಡಿದ್ದಲ್ಲ. ದಿನಾ ಅದರಿಂದಲೇ ಒತ್ತಿದವರಿಗೆ ಕೆಲವೇ ವರ್ಷಗಳಲ್ಲಿ ಕೈ ಹಿಡಿತ ಹೋಗುತ್ತದೆ, ಕಸುಬನ್ನೇ ಬಿಡಬೇಕಾಗುತ್ತದೆ. ಅದಕ್ಕೆ ಅಗಲ ಜಾಗಕ್ಕೆ ಮುಂಗೈ, ಗಟ್ಟಿ ಜಾಗಕ್ಕೆ ಮೊಣಕೈ, ಹೆಬ್ಬೆಟ್ಟು ಸ್ವಲ್ಪ ಹೊತ್ತಿಗೆ ಮಾತ್ರ, ಅದೂ ಉಳಿದ ಬೆರಳುಗಳ ಆಸರೆ ಕೊಟ್ಟು. ಒಂದು ಕಾಲು ಮುಂದೆ, ಒಂದು ಹಿಂದೆ. ಭಾರ ಹಿಮ್ಮಡಿಯಿಂದ ಏರಿ ಬರಬೇಕು, ಭುಜದಿಂದ ತಳ್ಳಬಾರದು. ಮಾಡಿ ತೋರಿಸಿದಳು. ಕಟ್ಟೆಯ ಮೇಲಿಂದ ಅಜ್ಜ ಇಣುಕಿ, "ಇದು ಗರಡಿಮನಿ ಪವಿತ್ರೆ ಅಲ್ಲೇನ" ಎಂದು ಕುಸ್ತಿಯ ನಿಲುವನ್ನು ಗುರುತಿಸಿ ಖುಷಿಪಟ್ಟ. ಅವನು ಪ್ರಾಯದಲ್ಲಿ ವಸ್ತಾದನ ಕಾಲೊತ್ತಿ ಕುಸ್ತಿ ಕಲಿತವನು.

ಆಯಿ ಮಾತ್ರ ಏನೂ ಅನ್ನದೆ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಆಮೇಲೆ, "ಮೊಣಕೈಲೆ ಒತ್ತಬೌದೇನ?" ಎಂದು ಕೇಳಿದಳು. "ಹೂಂ ಆಯಿ." "ಯಾರೂ ಹೇಳಲಿಲ್ಲ ನೋಡು."

ಮೂರನೆಯದು ಅರಿವೆಯ ಪಾಠ. ಎಣ್ಣೆ ಕುಡಿದ ಟವೆಲುಗಳನ್ನು ಒಗೆದು ಯಂತ್ರದಲ್ಲಿ ಒಣಗಿಸಿ ಬಿಸಿಬಿಸಿಯಾಗಿಯೇ ಗುಡ್ಡೆ ಹಾಕಿದರೆ ಅವು ಬೆಂಕಿ ಕಡ್ಡಿ ಇಲ್ಲದೆ ತಾವೇ ಹೊತ್ತಿಕೊಳ್ಳಬಹುದು. ಒಗೆದರೂ ಪೂರ್ತಿ ಹೋಗದ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಳಗೇ ಬಿಸಿಯಾಗುತ್ತದೆ. ಗುಡ್ಡೆಯ ನಡುವಿನ ಶಾಖ ಹೊರಗೆ ಹೋಗಲು ದಾರಿ ಸಿಗದೆ ಏರುತ್ತ ಹೋಗುತ್ತದೆ. ಹೊರದೇಶಗಳಲ್ಲಿ ಇದರಿಂದ ಲಾಂಡ್ರಿಗಳೇ ಸುಟ್ಟಿವೆ. ಆಯಿ ಇದನ್ನು ಮಾತ್ರ ನಂಬಲಿಲ್ಲ. ಆಕೆಯ ಎಣ್ಣೆ ಅರಿವೆಗಳು ನಮ್ಮೂರ ಬಿಸಿಲಿನಲ್ಲಿ ತಂತಿಯ ಮೇಲೆ ಒಂದೊಂದಾಗಿ ನೇತಾಡಿ, ಕಡೆಗೆ ಕಬ್ಬಿಣದ ಬಾಣಲೆ ಹಿಡಿಯಲು ಒಲೆಯ ಮುಂದೆ ಬಂದು ಮುಗಿಯುತ್ತಿದ್ದವು. "ಅರಿವಿ ತಾನ ಹೊತ್ತಂಗಿದ್ರ ನಾ ಇಷ್ಟ ವರ್ಷ ಹತ್ತಿಕಟಿಗಿ ಯಾಕ ಊದತಿದ್ದೆ?" ಎಂದಳು.

ಕುತ್ತಿಗೆಯ ಪುಟಕ್ಕೆ ಬಂದಾಗ ಅಜ್ಜ ಎದ್ದು ಒಳಗೇ ಬಂದ. ಕುತ್ತಿಗೆ ತಿರುವಿ ಕಟಕ್ ಅನ್ನಿಸಬಾರದು ಎಂದು ಅಲ್ಲಿ ಬರೆದಿತ್ತು. ಅಜ್ಜನಿಗೆ ಕ್ಷೌರ ಮುಗಿದ ಮೇಲೆ ಆ ಕಟಕ್ ಶಬ್ದ ಬಾರದಿದ್ದರೆ ಕೊಟ್ಟ ರೊಕ್ಕ ಮುಟ್ಟಿದಂತಾಗುವುದಿಲ್ಲ. 2024ರಲ್ಲಿ ಬಳ್ಳಾರಿಯ ಒಬ್ಬ ತರುಣನ ಸುದ್ದಿ ಪೇಪರಿನಲ್ಲಿ ಬಂದಿತ್ತಲ್ಲ ಎಂದು ನಾನು ನೆನಪಿಸಿದೆ. ಕ್ಷೌರದ ಜೊತೆ ಪುಕ್ಕಟೆ ತಲೆ ಮಾಲೀಸು, ಕೊನೆಗೊಂದು ಕುತ್ತಿಗೆ ತಿರುವು. ಕೆಲವು ತಾಸಿನಲ್ಲಿ ಮಾತು ತೊದಲಿ, ಮೈಯ ಒಂದು ಬದಿ ಸೋತಿತು. ಕುತ್ತಿಗೆಯೊಳಗಿನ ರಕ್ತನಾಳ ಹರಿದು ಮಿದುಳಿಗೆ ರಕ್ತ ಕಡಿಮೆಯಾಗಿತ್ತು. ಅಮೆರಿಕದ ವೈದ್ಯ ಮೈಕೆಲ್ ವೈನ್‌ಟ್ರಾಬ್ 1993ರಲ್ಲೇ, ಪಾರ್ಲರಿನ ಬೇಸಿನ್ನಿಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ತಲೆ ತೊಳೆಸಿಕೊಂಡ ಹೆಂಗಸರಲ್ಲಿ ಇಂಥದ್ದನ್ನು ಕಂಡು, ಅದಕ್ಕೆ ಬ್ಯೂಟಿ ಪಾರ್ಲರ್ ಸ್ಟ್ರೋಕ್ ಎಂದು ಹೆಸರು ಕೊಟ್ಟಿದ್ದ. ಅಜ್ಜ ಕೇಳುತ್ತ ಕೇಳುತ್ತ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡ. ಮುಂದಿನ ಸಲ ಅಂಗಡಿಯಲ್ಲಿ "ಕುತ್ತಿಗಿ ಬ್ಯಾಡಪಾ" ಎಂದನಂತೆ. "ಯಾಕಜ್ಜಾ, ನನ್ನ ಮ್ಯಾಲ ಸಿಟ್ಟೇನ?" ಎಂದು ಕ್ಷೌರದವನು ಮುಖ ಸಣ್ಣ ಮಾಡಿದನಂತೆ. ಪ್ರೀತಿಗೆ ಮಾಡುವುದನ್ನು ಬೇಡ ಎನ್ನುವುದು ನಮ್ಮ ಕಡೆ ದುಡ್ಡು ಕೊಡದೆ ಹೋಗುವುದಕ್ಕಿಂತ ದೊಡ್ಡ ಅವಮಾನ.

ಪುಸ್ತಕದ ಕೊನೆಯ ಪಾಠವೂ ಬೇಡ ಎನ್ನುವುದರ ಬಗ್ಗೆಯೇ. ಬಾಗಿಲು ಒಳಗಿನಿಂದ ಬೀಗ ಹಾಕುವಂತಿರಬಾರದು. ಥೆರಪಿಸ್ಟ್ ನಿಲ್ಲುವ ಕಡೆಗೆ ಬಾಗಿಲಿರಬೇಕು. ಗೋಡೆಗೆ ಗುಂಡಿ, ಒತ್ತಿದರೆ ಹೊರಗೆ ಗಂಟೆ. ಗಿರಾಕಿಯ ಹೆಸರು, ಗುರುತಿನ ಚೀಟಿ ರಿಜಿಸ್ಟರಿನಲ್ಲಿ. ಒತ್ತುವ ಭಾಗ ಬಿಟ್ಟು ಉಳಿದ ಮೈಮೇಲೆ ಚಾದರ. ಯಾರಾದರೂ ಕೈ ಚಾಚಿದರೆ, ಹೊಲಸು ಮಾತಾಡಿದರೆ, ಒಂದು ಹೆಜ್ಜೆ ಹಿಂದೆ ಸರಿದು ಗಟ್ಟಿಯಾಗಿ ಹೇಳಬೇಕು: "ನಾನು ಇಲ್ಲಿಗೆ ನಿಲ್ಲಿಸುತ್ತಿದ್ದೇನೆ." ಹೇಳಿ ಹೊರಗೆ ಬರಬೇಕು. ಕಾರಣ ಕೊಡುವ ಅಗತ್ಯವಿಲ್ಲ.

ಈ ಒಂದು ವಾಕ್ಯವನ್ನು ಅಲ್ಲಿ ಎಲ್ಲರಿಂದಲೂ ಕೂಗಿಸುತ್ತಾರಂತೆ. ಮೊದಲ ಸಲ ಯಾವ ಹುಡುಗಿಯ ಬಾಯಿಂದಲೂ ಸ್ವರ ಏಳಲಿಲ್ಲವಂತೆ. ಏಳುವುದಾದರೂ ಹೇಗೆ? ಕೈಕಟ್ಟು ಬಾಯಿಮುಚ್ಚು ಎನ್ನುವ ಪಾಠ ಎಲ್ಲ ಶಾಲೆಗಳಲ್ಲೂ ಪುಕ್ಕಟೆ ಸಿಗುತ್ತದೆ. ಬಾಯಿ ತೆಗೆ ಎನ್ನುವ ಪಾಠಕ್ಕೆ ಹುಡುಗಿ ಅಷ್ಟು ದೂರ ಹೋಗಬೇಕಾಯಿತು. ಪಡಸಾಲೆಯಲ್ಲಿ ನಿಂತು ಆಕೆ ಆ ವಾಕ್ಯವನ್ನು ಕೂಗಿದಾಗ, 'ಏನಾತ, ಏನಾತ' ಎನ್ನುತ್ತ ಪಕ್ಕದ ಮನೆಯವರು ಬಂದರು. ಪರೀಕ್ಷೆಯ ಆ ಭಾಗದಲ್ಲಿ ಆಕೆ ಪಾಸೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಇದಕ್ಕೊಂದು ಕಾಯ್ದೆಯ ಬಲವೂ ಇದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಜೊತೆಗೆ ಕೆಲಸ ಮಾಡುವವರಿಂದಷ್ಟೇ ಅಲ್ಲ, ಕೆಲಸದ ಜಾಗಕ್ಕೆ ಬಂದುಹೋಗುವವರಿಂದಲೂ ಆಕೆಯನ್ನು ಕಾಪಾಡುವುದು ಮಾಲೀಕನ ಹೊಣೆ. ಈ ಕಾಯ್ದೆಯ ಬೇರು ಗಾಜಿನ ಆಫೀಸಿನಲ್ಲಿಲ್ಲ. ರಾಜಸ್ಥಾನದ ಭಟೇರಿ ಎನ್ನುವ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದ ಭಂವರಿ ದೇವಿಯ ಹೋರಾಟದಿಂದ 1997ರ ವಿಶಾಖಾ ತೀರ್ಪು ಬಂತು, ಅದರಿಂದ ಕಾಯ್ದೆ ಬಂತು. ಅದನ್ನು ಓದುವಾಗ ನನ್ನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಕೆಲಸದ ಜಾಗಗಳ ಪಟ್ಟಿಯಲ್ಲಿ ವಾಸದ ಮನೆಯೂ ಇದೆ. ಅಂದರೆ ಹೊಗೆ ತುಂಬಿದ ನಮ್ಮ ಬಚ್ಚಲು ಕೂಡ ಕಾಯ್ದೆಯ ಕಣ್ಣಿನಲ್ಲಿ ಒಂದು ಕಾರ್ಯಸ್ಥಳ. ಆಯಿಗೆ ಹೇಳಿದೆ. "ಬಚ್ಚಲಕ್ಕೂ ಸರ್ಕಾರ ಬಂತೇನ" ಎಂದು ಸೆರಗು ಸರಿಮಾಡಿಕೊಂಡಳು.

ದೊಡ್ಡವರ ದಾಖಲೆಗಳಲ್ಲಿ ಒತ್ತುವವರಿಗೆ ಜಾಗ ಸಿಕ್ಕಿದ್ದೇ ಕಡಿಮೆ. ನಮ್ಮೂರ ಪರಮೇಶ್ವರ ಗುಡಿಯ ಶಾಸನ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ದಾನವನ್ನು ಹೇಳುತ್ತದೆ. ಅದರಲ್ಲಿರುವ ಕಾಲ ಕ್ರಿ.ಶ. 860. ಊರು ಆಗ ಕೊಳನೂರು. ದಂಡನಾಯಕ ಬಂಕೆಯ ಇಲ್ಲಿ ಜಿನಾಲಯ ಕಟ್ಟಿಸಿದ, ಅರಸ ತಲೆಯೂರು ಗ್ರಾಮವನ್ನೂ ಸುತ್ತಲ ಊರುಗಳಲ್ಲಿ ಭೂಮಿಯನ್ನೂ ಬಿಟ್ಟ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಲ್ಲ ಕಲ್ಲಿನ ಮೇಲಿದೆ. ಯುದ್ಧ ಮಾಡಿ ಬಂದ ಬಂಕೆಯನ ಕಾಲನ್ನು ಯಾರೋ ಒತ್ತಿಯೇ ಇರಬೇಕು, ಅವರ ಹೆಸರಿಗೆ ಕಲ್ಲು ಸಾಲಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸ ಬರೆಸಿದಾಗ, ಅರಸನ ಸ್ನಾನದ ಸುಖಕ್ಕೇ ಒಂದು ಭಾಗ ಇಟ್ಟು ಎಣ್ಣೆ, ಮರ್ದನ ಎಲ್ಲವನ್ನೂ ವರ್ಣಿಸಿದ. ಅದು ಕೂಡ ತಿಕ್ಕಿಸಿಕೊಂಡವನ ಸುಖ. ನಮ್ಮ ಕಾಲದಲ್ಲಿ ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂತು. ಪೇಪರಿನ ಫೋಟೋ ತೋರಿಸಿದಾಗ ಆಯಿ ಮುಖ ನೋಡುವ ಮೊದಲು ಕೈ ನೋಡಿದ್ದಳು. "ಈಕಿನೂ ರೊಕ್ಕಾ ತಗೋತಿರಲಿಲ್ಲಂತ ಆಯಿ" ಎಂದಿದ್ದೆ. "ಕೊಟ್ಟಿದ್ರ ತಗೋತಿದ್ಲು" ಎಂದಿದ್ದಳು ಆಯಿ.

ನನ್ನ ಸರದಿ ಮುಗಿದ ಮೇಲೆ ಹುಡುಗಿ ಆಯಿಯನ್ನು ಹೊರಸಿಗೆ ಎಳೆದಳು. ಆಯಿ ಬಹಳ ಹೊತ್ತು ಒಲ್ಲೆ ಎಂದಳು. ಜೀವನದಲ್ಲಿ ಮಲಗಿ ಎಣ್ಣೆ ಹಚ್ಚಿಸಿಕೊಂಡದ್ದು ತನ್ನ ಬಾಣಂತನದಲ್ಲಿ ಮಾತ್ರ, ಅದೂ ಅರ್ಧಂಬರ್ಧ. ಇಟ್ಟಂಗಿ ತೆಗೆದು ಹೊರಸು ಕೆಳಗಿಳಿಸಿ, ಕೊನೆಗೂ ಮಲಗಿಸಿದ್ದಾಯಿತು. ಮೊಮ್ಮಗಳು ನೆಲದ ಮೇಲೆ ಕೂತು ಆ ಬಲಗೈಯನ್ನು ಅರಿವೆಯ ಸಿಂಬಿಯ ಮೇಲೆ ಇಟ್ಟು, ಹೆಬ್ಬೆಟ್ಟಿನ ಬುಡದ ಸುತ್ತ ಬೆಚ್ಚನೆಯ ಎಣ್ಣೆಯಲ್ಲಿ ಸಣ್ಣ ಸಣ್ಣ ಸುತ್ತು ತಿರುಗಿಸತೊಡಗಿದಳು. "ಒಂದರಿಂದ ಹತ್ತರಾಗ ಎಷ್ಟ ಜೋರ ಆಗಾಕತ್ತೈತಿ ಹೇಳಾಯಿ."

"ಅರ್ಧಾ."

ಇನ್ನಷ್ಟು ಒತ್ತಿದಳು. "ಉಂಡಿಲ್ಲೇನ?" ಎಂದಳು ಆಯಿ. ಎಣ್ಣೆ ಕಡಿಮೆ ಆಯಿತು, ಎಣ್ಣೆ ಜಾಸ್ತಿ ಆಯಿತು, ಎಣ್ಣೆ ತಣ್ಣಗಾಯಿತು, ಆ ಕಡೆ ಬಿಟ್ಟೆ, ಈ ಕಡೆ ಬಿಟ್ಟೆ. ಇಷ್ಟು ವರ್ಷ ಊರಿನವರಿಂದ ಕೇಳಿದ ತಕರಾರನ್ನೆಲ್ಲ ಆಕೆ ಒಂದು ಮಧ್ಯಾಹ್ನದಲ್ಲಿ ವಾಪಸು ಕೊಟ್ಟಳು. ಇಂಥ ಗಿರಾಕಿ ತಮ್ಮ ರೆಸಾರ್ಟಿಗೂ ಬಂದಿಲ್ಲ ಎಂದು ಮೊಮ್ಮಗಳು ಹೇಳಿದಳು. ನಗುವಿನ ನಡುವೆ ಹುಡುಗಿ "ಎಲ್ಲೆಲ್ಲಿ ನೋಯತೈತಿ?" ಎಂದು ಫಾರಂ ತುಂಬುವ ದನಿಯಲ್ಲಿ ಕೇಳಿದ್ದೇ ತಡ, ಆಯಿ ಹೇಳುತ್ತಲೇ ಹೋದಳು. ನಡ ಯಾವ ಬಾಣಂತನದಲ್ಲಿ ಹಿಡಿದದ್ದು, ಮೊಣಕಾಲು ಯಾರ ಮನೆಯ ಬಚ್ಚಲಲ್ಲಿ ಜಾರಿ ಉಳುಕಿದ್ದು, ಕಣ್ಣು ಯಾವ ಹೊಗೆಗೆ ಮಂಜಾದದ್ದು. ಪ್ರತಿ ನೋವಿಗೂ ಒಂದು ಮನೆ, ಪ್ರತಿ ಮನೆಗೂ ಒಂದು ಕೂಸು. ಅದರಲ್ಲಿ ನಮ್ಮ ಮನೆಯೂ ಬಂತು. ಕಟ್ಟೆಯ ಮೇಲಿನ ಅಜ್ಜ ಕೆಮ್ಮುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಅವನಿಗೂ ಇದರಲ್ಲಿ ಎಷ್ಟು ಹೊಸದೋ.

ಹುಡುಗಿ ಹಬ್ಬ ಮುಗಿಸಿ ಹೋದಳು, ಪರೀಕ್ಷೆಯಲ್ಲಿ ಪಾಸೂ ಆದಳು. ನನಗೊಂದು ಯೋಚನೆ ಅಂಟಿಕೊಂಡಿತು. ಊರಲ್ಲಿ ಈಗಲೂ ಎರೆಯುವ ಹೆಣ್ಣುಮಕ್ಕಳಿದ್ದಾರೆ, ಆಯಿಗಿಂತ ಚಿಕ್ಕವರು, ಹೆಬ್ಬೆಟ್ಟು ಇನ್ನೂ ನೆಟ್ಟಗಿರುವವರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರನ್ನು ಒಂದು ಕೋಣೆಯಲ್ಲಿ ಕೂರಿಸಬಹುದು. ಬಚ್ಚಲಿಗೆ ಒರಟು ಚಾಪೆ, ಹೊಗೆಗೆ ಕಿಂಡಿ, ಒತ್ತಲು ಮೊಣಕೈ, ಜ್ವರ ಇದ್ದರೆ ದವಾಖಾನೆ, ಮೂಗು ಎಳೆಯುವುದು ಬಂದ್. ಮೊಮ್ಮಗಳ ಪುಸ್ತಕದ ಪಾಠವನ್ನು ನಾನು ಓದಿ ಹೇಳುವುದು, ಆಯಿ ಕೈಯಿಂದ ತೋರಿಸುವುದು. ಊರಿನ ಹಿರಿಯರೂ ಒಳ್ಳೆಯ ಕೆಲಸ ಎಂದರು. ಖರ್ಚಿಲ್ಲದ ಒಳ್ಳೆಯ ಕೆಲಸಕ್ಕೆ ನಮ್ಮಲ್ಲಿ ಯಾರ ವಿರೋಧವೂ ಇರುವುದಿಲ್ಲ.

ಹುರುಪಿನಿಂದ ಆಯಿಯ ಮನೆಗೆ ಹೋಗಿ ಎಲ್ಲ ವಿವರಿಸಿದೆ. ಗುರುವಿನ ಸ್ಥಾನ ಆಯಿ, ಖುರ್ಚಿ ಹಾಕಿಸುತ್ತೇವೆ, ಹಾರ ಹಾಕುತ್ತೇವೆ ಎಂದೆ. ಆಯಿ ಪೂರ್ತಿ ಕೇಳಿ, ಎಲೆಯ ತೊಟ್ಟು ಮುರಿದು, ಒಂದೇ ಪ್ರಶ್ನೆ ಕೇಳಿದಳು.

"ಪಗಾರ ಎಷ್ಟ ಕೊಡತೀರಿ?"

ನಾನು ತಡವರಿಸಿ, "ಪಗಾರ ಅಂದ್ರ... ಎಲ್ಲಾರೂ ಕೂಡಿ ಉಡಿ ತುಂಬತೀವಿ ಆಯಿ" ಎಂದೆ.

"ಉಡಿ ತುಂಬಿಸ್ಕೊಂಡ ತುಂಬಿಸ್ಕೊಂಡನ ನಡಾ ಬಗ್ಗೈತಿ ನಮ್ಮವ್ವ," ಎಂದಳು ಆಯಿ. "ನೀ ರೊಕ್ಕಾ ಎಷ್ಟ, ಅದನ್ನ ಹೇಳು."